ಬನ್ನಿನ ಲೆಕ್ಕಕ್ಕೆ ಬಂದ ಕಂಪ್ಯೂಟರ್

ಲಂಡನ್ನಿನ ಹ್ಯಾಮರ್‌ಸ್ಮಿತ್ ಬಡಾವಣೆಯಲ್ಲಿ ಕ್ಯಾಡ್ಬಿ ಹಾಲ್ ಎಂಬ ದೊಡ್ಡ ಆವರಣವೊಂದಿತ್ತು. ಬ್ರೆಡ್ಡು, ಬನ್ನು, ಕೇಕುಗಳು ಅಲ್ಲಿ ತಯಾರಾಗಿ, ಊರೆಲ್ಲ ಹರಡಿದ್ದ ಜೆ. ಲಯನ್ಸ್ ಕಂಪನಿಯ ಚಹಾದಂಗಡಿಗಳಿಗೆ ಹೊರಡುತ್ತಿದ್ದವು. 1951ರ ನವೆಂಬರಿನಲ್ಲಿ ಅದೇ ಆವರಣದ ಒಂದು ಕೋಣೆಯಲ್ಲಿ, ವಾರವಾರದ ಬೇಕರಿ ಉತ್ಪನ್ನಕ್ಕೆ ಬೆಲೆಕಟ್ಟುವ ಲೆಕ್ಕವನ್ನು ಗುಮಾಸ್ತರು ಒಂದು ಯಂತ್ರಕ್ಕೆ ಬಿಟ್ಟುಕೊಟ್ಟರು. ಎಷ್ಟು ಡಜನ್ ಬನ್ನು ಬೆಂದವು, ಯಾವ ಕೇಕಿಗೆ ಎಷ್ಟು ಸಾಮಗ್ರಿ, ಎಷ್ಟು ಕೂಲಿ, ಚಹಾದಂಗಡಿಗೆ ಎಷ್ಟು ಹೋಯಿತು, ದಿನಸಿ ವರ್ತಕರಿಗೆ ಎಷ್ಟು, ಇದಿಷ್ಟೇ ಆ ಲೆಕ್ಕ. ಯಂತ್ರದ ಹೆಸರು ಲಿಯೊ. ಲಯನ್ಸ್ ಎಲೆಕ್ಟ್ರಾನಿಕ್ ಆಫೀಸ್ ಎಂಬುದನ್ನು ಚಿಕ್ಕದು ಮಾಡಿ ಇಟ್ಟ ಹೆಸರು. ಕಚೇರಿಯ ದಿನನಿತ್ಯದ ಕೆಲಸಕ್ಕೆ ದುಡಿದ ಜಗತ್ತಿನ ಮೊದಲ ಕಂಪ್ಯೂಟರ್ ಎಂಬ ಮಾನ ಇದಕ್ಕೇ ಸಲ್ಲುತ್ತದೆ.

ವ್ಯವಹಾರದ ಗಣಕಕ್ಕೆ 75 ವರ್ಷ ತುಂಬುವ ಹೊತ್ತಿನ ಈ ಸಂಚಿಕೆಗೆ ಬರೆಯಬೇಕೆಂದು ಸಂಪಾದಕರು ಕೇಳಿದಾಗ, ಅಮೆರಿಕದ ದೊಡ್ಡ ಕಂಪನಿಯೊಂದರ ಕತೆಯನ್ನು ಅವರು ನಿರೀಕ್ಷಿಸಿದ್ದರೇನೋ. ನಾನು ಹಟ ಹಿಡಿದು ಚಹಾದಂಗಡಿಯನ್ನೇ ಆರಿಸಿಕೊಂಡೆ. ಗಾಂಧಿಬಜಾರಿನ ಹೋಟೆಲೊಂದರ ಯಜಮಾನರು ಗಲ್ಲಾಪೆಟ್ಟಿಗೆಯ ಮುಂದೆ ಕೂತು, ‘ಇಡ್ಲಿ ವಡೆ ಲೆಕ್ಕ ಕೈಮೀರುತ್ತಿದೆ, ಒಂದು ಕಂಪ್ಯೂಟರನ್ನು ನಾವೇ ಕಟ್ಟಿಬಿಡೋಣ’ ಎಂದರೆ ನಮಗೆ ಹೇಗೆ ಕೇಳಿಸುತ್ತದೋ, ಲಯನ್ಸಿನ ನಿರ್ಧಾರ ಆ ಕಾಲದ ಬ್ರಿಟನ್ನಿಗೆ ಹಾಗೆಯೇ ಕೇಳಿಸಿರಬೇಕು. ಕೊಂಡುಕೊಳ್ಳೋಣವೆಂದರೆ ಅಂಗಡಿಯಲ್ಲಿ ಸಿಗುವ ಸರಕೇ ಅದಾಗಿರಲಿಲ್ಲ.

ಲಯನ್ಸ್ ಸಣ್ಣ ಅಂಗಡಿಯೇನೂ ಅಲ್ಲ. 1894ರಲ್ಲಿ ಪಿಕಡಿಲಿಯಲ್ಲಿ ಮೊದಲ ಚಹಾದಂಗಡಿ ತೆರೆದು, ಕೆಲವೇ ದಶಕಗಳಲ್ಲಿ 200ಕ್ಕೂ ಹೆಚ್ಚು ಅಂಗಡಿಗಳಿಗೆ ಬೆಳೆದ ಸಂಸ್ಥೆ. ಆದರೆ ವ್ಯಾಪಾರದ ಗಾತ್ರ ದೊಡ್ಡದಾದಷ್ಟೂ ಅದರೊಳಗಿನ ಒಂದೊಂದು ವಹಿವಾಟು ಚಿಕ್ಕದೇ. ಒಂದು ಕಪ್ ಚಹಾ, ಒಂದು ಬನ್ನು, ಉಳಿಯುವುದು ಪೆನ್ನಿಯ ಒಂದು ಚೂರು. ಅಷ್ಟು ಸಣ್ಣ ಲಾಭವನ್ನು ಹಿಡಿದಿಡಲು ಬರೆಯಬೇಕಾದ ಚೀಟಿ, ಕೂಡಬೇಕಾದ ಮೊತ್ತ, ತಾಳೆ ನೋಡಬೇಕಾದ ಲೆಡ್ಜರುಗಳು ಲೆಕ್ಕವಿಲ್ಲದಷ್ಟು. ಬರೆಯುವ ಖರ್ಚೇ ಲಾಭವನ್ನು ನುಂಗಿಬಿಡುವ ಭಯ.

ಈ ಭಯಕ್ಕೆ ಮದ್ದು ಹುಡುಕಲೆಂದೇ ಇದ್ದವರು ಜಾನ್ ಸಿಮನ್ಸ್. ಕೇಂಬ್ರಿಜ್‌ನಲ್ಲಿ ಗಣಿತ ಓದಿ 1923ರಲ್ಲಿ ಲಯನ್ಸ್ ಸೇರಿದವರು. ಗುಮಾಸ್ತರ ಕೆಲಸವನ್ನೇ ಅಧ್ಯಯನದ ವಿಷಯವಾಗಿಸಿ, ಅದಕ್ಕಾಗಿ ಸಿಸ್ಟಮ್ಸ್ ರಿಸರ್ಚ್ ಆಫೀಸ್ ಎಂಬ ಪ್ರತ್ಯೇಕ ವಿಭಾಗವನ್ನು 1930ರ ದಶಕದ ಆರಂಭದಲ್ಲೇ ಬೆಳೆಸಿದರು. ಯಾವ ಚೀಟಿ ಯಾರ ಮೇಜಿನಿಂದ ಯಾರ ಮೇಜಿಗೆ ಹೋಗುತ್ತದೆ, ಅಲ್ಲಿ ಅದಕ್ಕೆ ಏನಾಗುತ್ತದೆ, ಹೋಗದಿದ್ದರೆ ಯಾರಿಗೆ ನಷ್ಟ, ಇಂಥ ಪ್ರಶ್ನೆ ಕೇಳಿಕೊಂಡು ತಿರುಗುವುದೇ ಆ ವಿಭಾಗದವರ ಉದ್ಯೋಗ. ಕಂಪ್ಯೂಟರ್ ಎಂಬ ವಸ್ತು ಹುಟ್ಟುವುದಕ್ಕೆ ಹತ್ತು ಹದಿನೈದು ವರ್ಷ ಮೊದಲೇ ಅದಕ್ಕೆ ಬೇಕಾದ ಪ್ರಶ್ನೆಗಳು ಲಯನ್ಸಿನಲ್ಲಿ ಸಿದ್ಧವಾಗಿದ್ದವು. ಲಿಯೊ ಕತೆಯಲ್ಲಿ ವಾಲ್ವುಗಳಿಗಿಂತ, ಅಂದರೆ ಯಂತ್ರದೊಳಗಿನ ನಿರ್ವಾತ ನಳಿಕೆಗಳಿಗಿಂತ, ನನಗೆ ಮುಖ್ಯವಾಗಿ ಕಾಣುವುದು ಇದೇ.

1947ರಲ್ಲಿ ಸಿಮನ್ಸ್ ತಮ್ಮ ಇಬ್ಬರು ಸಹೋದ್ಯೋಗಿಗಳಾದ ರೇಮಂಡ್ ಥಾಂಪ್ಸನ್ ಮತ್ತು ಆಲಿವರ್ ಸ್ಟ್ಯಾಂಡಿಂಗ್‌ಫರ್ಡ್ ಅವರನ್ನು ಅಮೆರಿಕಕ್ಕೆ ಕಳಿಸಿದರು. ಯುದ್ಧದ ವರ್ಷಗಳಲ್ಲಿ ಅಲ್ಲಿನ ಕಚೇರಿಗಳು ಏನೇನು ಹೊಸತು ಕಲಿತಿವೆ ನೋಡಿ ಬನ್ನಿ ಎಂಬುದು ಅಪ್ಪಣೆ. ಕಚೇರಿಗಳಲ್ಲಿ ಅವರಿಗೆ ಹೆಚ್ಚೇನೂ ಸಿಗಲಿಲ್ಲ. ಸಿಕ್ಕಿದ್ದು ಪ್ರಿನ್ಸ್‌ಟನ್‌ನಲ್ಲಿ, ಎನಿಯಾಕ್ ಎಂಬ ಎಲೆಕ್ಟ್ರಾನಿಕ್ ಕಂಪ್ಯೂಟರಿನ ಕೆಲಸದಲ್ಲಿ ಪಾಲ್ಗೊಂಡಿದ್ದ ಹರ್ಮನ್ ಗೋಲ್ಡ್‌ಸ್ಟೈನ್ ಬಳಿ. ಎಲೆಕ್ಟ್ರಾನಿಕ್ ಯಂತ್ರವನ್ನು ಸಂಬಳದ ಲೆಕ್ಕಕ್ಕೆ ಹಚ್ಚಬಹುದೆ ಎಂದು ಬಂದ ಈ ಚಹಾ ಕಂಪನಿಯವರನ್ನು ಗೋಲ್ಡ್‌ಸ್ಟೈನ್ ಹುರುಪಿನಿಂದಲೇ ಮಾತಾಡಿಸಿ, ನಿಮ್ಮೂರ ಹತ್ತಿರವೇ, ಕೇಂಬ್ರಿಜ್‌ನಲ್ಲಿ, ಡಗ್ಲಸ್ ಹಾರ್ಟ್ರಿ ಮತ್ತು ಮಾರಿಸ್ ವಿಲ್ಕ್ಸ್ ಇದ್ದಾರಲ್ಲ ಎಂದು ದಾರಿ ತೋರಿಸಿದರು. ಬೆನ್ನ ಹಿಂದಿನ ವಿಳಾಸ ಕೇಳಲು ಸಮುದ್ರ ದಾಟಿ ಹೋದಂತಾಯಿತು.

ವಿಲ್ಕ್ಸ್ ಆಗ ಎಡ್ಸಾಕ್ ಎಂಬ ಕಂಪ್ಯೂಟರನ್ನು ಕಟ್ಟುತ್ತಿದ್ದರು. ಇಬ್ಬರೂ ಹಿಂದಿರುಗಿ ಒಪ್ಪಿಸಿದ ವರದಿಯಲ್ಲಿ, ಸುಮಾರು 1,00,000 ಪೌಂಡಿನ ಯಂತ್ರ ವರ್ಷಕ್ಕೆ 50,000 ಪೌಂಡ್ ಉಳಿಸೀತು ಎಂಬ ಅಂದಾಜಿತ್ತು. ಆಡಳಿತ ಮಂಡಳಿ ಒಪ್ಪಿತು. ಕೇಂಬ್ರಿಜ್‌ಗೆ 3,000 ಪೌಂಡ್ ನೆರವು ಕೊಟ್ಟು, ಜೊತೆಗೆ ಅರ್ನೆಸ್ಟ್ ಲೆನಾರ್ಟ್ಸ್ ಎಂಬ ತಮ್ಮ ಸಿಬ್ಬಂದಿಯೊಬ್ಬರನ್ನೂ ಎರವಲು ಕಳಿಸಿದರು. ಪ್ರತಿಯಾಗಿ ಕೇಂಬ್ರಿಜ್‌ನ ವಿನ್ಯಾಸವನ್ನು ಬಳಸಿಕೊಳ್ಳುವ ಅವಕಾಶ ದೊರೆಯಿತು. 1949ರ ಮೇ 6ರಂದು ಎಡ್ಸಾಕ್ ವರ್ಗಸಂಖ್ಯೆಗಳ ಕೋಷ್ಟಕವನ್ನು ಮುದ್ರಿಸಿ ತಾನು ನಡೆಯಬಲ್ಲೆ ಎಂದು ತೋರಿಸಿತು. ಅಷ್ಟರಲ್ಲಿ ಲಯನ್ಸ್, ಯುದ್ಧಕಾಲದಲ್ಲಿ ರೇಡಾರ್ ಕೆಲಸ ಮಾಡಿ ಕೇಂಬ್ರಿಜ್‌ನಲ್ಲಿ ಸಂಶೋಧನೆ ನಡೆಸುತ್ತಿದ್ದ ಜಾನ್ ಪಿಂಕರ್ಟನ್ ಎಂಬ ಯುವ ಎಂಜಿನಿಯರನ್ನು ಕೆಲಸಕ್ಕೆ ಸೇರಿಸಿಕೊಂಡಾಗಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಎಡ್ಸಾಕನ್ನು ನಕಲು ಮಾಡಿದರೆ ಲಿಯೊ ಆಗುತ್ತದೆ ಎಂದು ಮೊದಲು ಲಯನ್ಸಿನವರೂ ತಿಳಿದಿದ್ದರು. ಆಗಲಿಲ್ಲ. ವಿಜ್ಞಾನಿಯ ಲೆಕ್ಕ ಬೀಸುವ ಕಲ್ಲಿನ ಹಾಗೆ: ಒಂದು ಹಿಡಿ ಕಾಳು ಹಾಕಿ ಗಂಟೆಗಟ್ಟಲೆ ತಿರುಗಿಸುತ್ತಾನೆ, ಕೊನೆಗೆ ಒಂದು ಚಿಟಿಕೆ ಹಿಟ್ಟು. ಕಚೇರಿಯ ಲೆಕ್ಕ ಹಾಗಲ್ಲ, ಗಾಡಿಗಟ್ಟಲೆ ಕಾಳು ಬರುತ್ತಲೇ ಇರುತ್ತದೆ, ಒಂದೊಂದಕ್ಕೂ ಒಂದೆರಡು ಸುತ್ತು ಸಾಕು, ಬಂದಷ್ಟೇ ಹಿಟ್ಟು ಹೊರಗೂ ಹೋಗಬೇಕು. ಸಂಬಳದ ಪಟ್ಟಿಯನ್ನೇ ನೋಡಿ. ಪ್ರತಿ ಕೆಲಸಗಾರನ ಈ ವಾರದ ಹಾಜರಿ ಒಂದು ಕಡೆಯಿಂದ, ಅವನ ದರ, ತೆರಿಗೆ, ಕಳೆದ ವಾರದವರೆಗಿನ ಮೊತ್ತ ಇನ್ನೊಂದು ಕಡೆಯಿಂದ ಬರಬೇಕು. ಲೆಕ್ಕವಾದ ಮೇಲೆ ಸಂಬಳದ ಚೀಟಿ ಒಂದು ದಾರಿಯಲ್ಲಿ, ಮುಂದಿನ ವಾರಕ್ಕೆ ಒಯ್ಯಬೇಕಾದ ಮೊತ್ತ ಇನ್ನೊಂದು ದಾರಿಯಲ್ಲಿ ಹೋಗಬೇಕು. ನಡುವಿನ ಗುಣಾಕಾರ ಭಾಗಾಕಾರ ಕ್ಷಣದ ಮಾತು. ಯಂತ್ರ ಎಷ್ಟೇ ಚುರುಕಾದರೂ ಒಂದೇ ಬಾಗಿಲಿದ್ದರೆ ಅದರ ಅರ್ಧ ಆಯುಷ್ಯ ಅಂಕಿಗಳನ್ನು ತೂತುಗಳಾಗಿ ಹೊತ್ತ ಕಾರ್ಡು ಬರುವುದನ್ನು ಕಾಯುವುದರಲ್ಲೇ ಕಳೆಯುತ್ತದೆ.

ಆದ್ದರಿಂದ ಪಿಂಕರ್ಟನ್ ಎಡ್ಸಾಕಿನ ಹೊಟ್ಟೆಯನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡು ಬಾಗಿಲುಗಳನ್ನು ಬದಲಿಸಿದರು. ಒಳಬರುವುದಕ್ಕೂ ಹೊರಹೋಗುವುದಕ್ಕೂ ಒಂದಕ್ಕಿಂತ ಹೆಚ್ಚು ದಾರಿ, ಪ್ರತಿ ದಾರಿಯಲ್ಲೂ ಒಂದು ಬಫರ್, ಅಂದರೆ ನಡುಮನೆಯ ಜಗಲಿಯಂತೆ ಒಂದು ತಂಗುದಾಣ. ಯಂತ್ರ ಒಬ್ಬನ ಸಂಬಳ ಲೆಕ್ಕ ಹಾಕುತ್ತಿರುವಾಗಲೇ ಮುಂದಿನವನ ಕಾರ್ಡು ಜಗಲಿಯ ಮೇಲೆ ಬಂದು ಕೂತಿರುತ್ತದೆ, ಹಿಂದಿನವನ ಚೀಟಿ ಆಚೆ ಬದಿಯಲ್ಲಿ ಅಚ್ಚಾಗುತ್ತಿರುತ್ತದೆ. ಇಂದು ಕಂಪ್ಯೂಟರ್ ಓದುವ ಯಾವ ವಿದ್ಯಾರ್ಥಿಗೂ ಇದು ಮೊದಲ ವರ್ಷದ ಪಾಠ. ಅದನ್ನು ಕಲಿಸಿದವರಲ್ಲಿ ಬೇಕರಿಯ ಹಾಜರಿ ಗುಮಾಸ್ತನೂ ಒಬ್ಬ.

ಈ ಬಾಗಿಲುಗಳ ವಿಷಯದಲ್ಲೇ ಲಯನ್ಸ್ ಪೆಟ್ಟು ತಿಂದದ್ದು. ಮಾಹಿತಿಯನ್ನು ಆಯಸ್ಕಾಂತದ ಟೇಪಿನ ಮೂಲಕ ಒಳಹೊರಗೆ ಸಾಗಿಸುವ ಉಪಕರಣವನ್ನು ಹೊರಗಿನ ಒಂದು ದೊಡ್ಡ ಕಂಪನಿಗೆ ಒಪ್ಪಿಸಿದ್ದರು. ಕಾಲಕ್ಕೆ ಮೀರಿದ ಆಸೆ. ಇಂದು ನಾಳೆ ಎನ್ನುತ್ತ ದಿನ ಉರುಳಿದವೇ ಹೊರತು ನಂಬಿಕೆಗೆ ಬರುವಂಥದ್ದು ಸಿದ್ಧವಾಗಲಿಲ್ಲ. ಕೊನೆಗೆ ಅದನ್ನು ಕೈಬಿಟ್ಟು, ಹಳೆಯ ಕಾಗದದ ಟೇಪು ಮತ್ತು ಪಂಚ್ ಕಾರ್ಡುಗಳಿಗೇ ಮರಳಿದರು. ಬೇಕರಿ ಲೆಕ್ಕವನ್ನು ಮೊದಲು ಹಿಡಿದದ್ದಕ್ಕೂ ಇದು ನಂಟು: ಅದರಲ್ಲಿ ಒಳಹೋಗುವ ಹೊರಬರುವ ಅಂಕಿಗಳು ಕಡಿಮೆ, ಆಯಸ್ಕಾಂತದ ಟೇಪಿಲ್ಲದೆಯೂ ನಡೆಯುತ್ತಿತ್ತು.

ಇನ್ನೊಂದು ಫಜೀತಿ ಹಣದ್ದು. 12 ಪೆನ್ನಿಗೆ ಒಂದು ಶಿಲಿಂಗು, 20 ಶಿಲಿಂಗಿಗೆ ಒಂದು ಪೌಂಡು. ಯಂತ್ರಕ್ಕೆ ಗೊತ್ತಿರುವುದು ಸೊನ್ನೆ ಮತ್ತು ಒಂದು ಮಾತ್ರ. 1957ರವರೆಗೆ 12 ಪೈಗೆ ಆಣೆ, 16 ಆಣೆಗೆ ರೂಪಾಯಿ ಎಂದು ಮಗ್ಗಿ ಉರುಹೊಡೆದ ನಮ್ಮ ಹಿರಿಯರಿಗೆ ಆ ಸಂಕಟ ಬಿಡಿಸಿ ಹೇಳಬೇಕಿಲ್ಲ. ಈ ಪರಿವರ್ತನೆ ಮಾಡಿಕೊಡಬೇಕಿದ್ದುದೂ ಆ ಬಾರದೇ ಹೋದ ಟೇಪಿನ ಉಪಕರಣವೇ. ಅದು ತಪ್ಪಿದ ಮೇಲೆ ಲಿಯೊ ಆ ಕೆಲಸವನ್ನೂ ತಾನೇ ಕಲಿಯಬೇಕಾಯಿತು.

ಯಂತ್ರದ ಒಳಗನ್ನೂ ಒಮ್ಮೆ ನೋಡಿಬಿಡೋಣ. ಸುಮಾರು 6,000 ವಾಲ್ವುಗಳು. ಮೆಮೊರಿಗೆ ಪಾದರಸ ತುಂಬಿದ 64 ಉಕ್ಕಿನ ಕೊಳವೆಗಳು, ಒಂದೊಂದೂ ಸುಮಾರು 5 ಅಡಿ ಉದ್ದ. ಕೊಳವೆಯ ಒಂದು ತುದಿಯ ಸ್ಫಟಿಕ ವಿದ್ಯುತ್ ಮಿಡಿತವನ್ನು ಶಬ್ದದ ಅಲೆಯಾಗಿಸುತ್ತದೆ, ಅಲೆ ಪಾದರಸದೊಳಗೆ ತೆವಳಿಕೊಂಡು ಇನ್ನೊಂದು ತುದಿ ಮುಟ್ಟುತ್ತದೆ, ಅಲ್ಲಿಂದ ಮತ್ತೆ ಮೊದಲ ತುದಿಗೆ. ತೆವಳುವುದು ಎಂದರೂ ಪಯಣ ಸುಮಾರು ಒಂದು ಮಿಲಿಸೆಕೆಂಡಿನದು. ಹೀಗೆ ಸುತ್ತುತ್ತಲೇ ಇರುವ ಸದ್ದೇ ನೆನಪು. ಕರೆಂಟು ಹೋದರೆ ಮರೆವು. ಎಡ್ಸಾಕಿಗಿಂತ ನಾಲ್ಕು ಪಟ್ಟು ದೊಡ್ಡದೆನಿಸಿದ ಈ ಮೆಮೊರಿಯಲ್ಲಿ ಹಿಡಿಯುತ್ತಿದ್ದುದು ಇಂದಿನ ಅಳತೆಯಲ್ಲಿ 9 ಕಿಲೋಬೈಟಿಗೂ ಕಡಿಮೆ. ನೀವೀಗ ಓದುತ್ತಿರುವ ಈ ಲೇಖನವನ್ನು ಅದರಲ್ಲಿ ಪೂರ್ತಿ ತುಂಬಲಾಗದು.

6,000 ವಾಲ್ವುಗಳಲ್ಲಿ ಯಾವುದು ಯಾವಾಗ ಕಣ್ಣು ಮುಚ್ಚುತ್ತದೋ ಹೇಳುವಂತಿರಲಿಲ್ಲ. ಪಿಂಕರ್ಟನ್ ತಂಡ ಇದಕ್ಕೆ ನಮ್ಮ ಅಜ್ಜಿಯರು ಸಂತೆಯಲ್ಲಿ ಮಡಕೆಯನ್ನು ಬೆರಳಿನಿಂದ ತಟ್ಟಿ ಕೊಳ್ಳುತ್ತಿದ್ದಂಥ ಉಪಾಯ ಮಾಡಿತು. ಕೆಲಸ ಶುರುವಾಗುವ ಮುನ್ನ ಬೇಕೆಂದೇ ವೋಲ್ಟೇಜನ್ನು ಹೆಚ್ಚುಕಡಿಮೆ ಮಾಡಿ ಪರೀಕ್ಷೆಯ ಪ್ರೋಗ್ರಾಂ ಓಡಿಸುವುದು. ಸೋಲುವ ಹಂತದಲ್ಲಿರುವ ವಾಲ್ವು ಆಗಲೇ ಸೋಲುತ್ತದೆ, ಅದನ್ನು ಕಿತ್ತು ಹೊಸದನ್ನು ಹಾಕಿ ಆಮೇಲೆ ದಿನದ ಲೆಕ್ಕ. ವಿಜ್ಞಾನಿಯ ಯಂತ್ರ ಮಧ್ಯಾಹ್ನ ನಿಂತರೆ ಅವನು ನಾಳೆ ಬರುತ್ತಾನೆ. ಶುಕ್ರವಾರ ಬಟವಾಡೆಯ ಹೊತ್ತಿಗೆ ಯಂತ್ರ ನಿಂತರೆ ಬೇಕರಿಯ ಒಲೆಯ ಮುಂದೆ ನಿಂತವನಿಗೆ ಏನು ಉತ್ತರ?

ಹಾಗಾಗಿಯೇ ಸಂಬಳದ ಲೆಕ್ಕವನ್ನು ಅವರು ಅವಸರದಲ್ಲಿ ಮುಟ್ಟಲಿಲ್ಲ. 1953ರ ಕೊನೆಯಲ್ಲಿ ಲಿಯೊ ಸಂಬಳದ ಪಟ್ಟಿ ಮಾಡತೊಡಗಿದಾಗಲೂ ಗುಮಾಸ್ತರು ಅದೇ ಪಟ್ಟಿಯನ್ನು ಪಕ್ಕದಲ್ಲಿ ಕೈಯಲ್ಲೇ ಮಾಡುತ್ತಿದ್ದರು. ಎರಡೂ ವಾರವಾರ ತಾಳೆಯಾದ ಮೇಲೆ, 1954ರ ಫೆಬ್ರವರಿಯಲ್ಲಿ, ಕೈಲೆಕ್ಕ ನಿಂತಿತು. ನುರಿತ ಗುಮಾಸ್ತನಿಗೆ ಒಬ್ಬರ ಸಂಬಳ ಲೆಕ್ಕಹಾಕಲು 8 ನಿಮಿಷ ಬೇಕಿತ್ತು, ಲಿಯೊಗೆ ಒಂದೂವರೆ ಸೆಕೆಂಡು. ಪತ್ರಿಕೆಯವರನ್ನು ಕರೆದು ಯಂತ್ರವನ್ನು ತೋರಿಸಿದ್ದೂ ಅದೇ ತಿಂಗಳು. ನಾನು ಕೆಲಸಕ್ಕಿದ್ದ ಬ್ಯಾಂಕ್ ಶಾಖೆಗೆ 1980ರ ದಶಕದ ಕೊನೆಯಲ್ಲಿ ಲೆಡ್ಜರ್ ಪೋಸ್ಟಿಂಗ್ ಯಂತ್ರ ಬಂದಾಗ ನಾವೂ ಹೀಗೆಯೇ ಮೂರು ತಿಂಗಳು ಎರಡೆರಡು ಬಾರಿ ಬರೆದೆವು. ಲೆಕ್ಕ ತಾಳೆಯಾಗದ ಸಂಜೆಗಳಲ್ಲಿ ಯಂತ್ರವನ್ನು ಬಯ್ದು, ರಾತ್ರಿ ಹುಡುಕಿದಾಗ ತಪ್ಪು ನಮ್ಮ ಹಳೆಯ ಲೆಡ್ಜರಿನಲ್ಲೇ ಸಿಕ್ಕಿ, ಯಾರಿಗೂ ಹೇಳದೆ ತಿದ್ದಿದ್ದುಂಟು.

ಯಂತ್ರಕ್ಕೆ ಪಿಂಕರ್ಟನ್ ಹೇಗೋ, ಕೆಲಸಕ್ಕೆ ಡೇವಿಡ್ ಕ್ಯಾಮಿನರ್ ಹಾಗೆ. ಸಿಸ್ಟಮ್ಸ್ ರಿಸರ್ಚ್ ಆಫೀಸಿನಿಂದ ಬಂದವರು, ಎಂಜಿನಿಯರ್ ಅಲ್ಲ. ಸಿಸ್ಟಮ್ಸ್ ಅನಲಿಸ್ಟ್ ಎಂಬ ಹುದ್ದೆಗೆ ಹೆಸರು ಬರುವ ಮೊದಲೇ ಆ ಕೆಲಸ ಮಾಡಿದವರು. ತಪ್ಪಿಗೆ ಕ್ಷಮೆಯಿಲ್ಲದ ಮನುಷ್ಯ ಎಂದು ಅವರ ಕೈಕೆಳಗೆ ದುಡಿದವರು ನೆನೆಯುತ್ತಾರೆ. ಒಬ್ಬರು ಬರೆದ ಪ್ರೋಗ್ರಾಮನ್ನು ಇನ್ನೊಬ್ಬರು ಸಾಲುಸಾಲಾಗಿ ಓದಿ ಪರೀಕ್ಷಿಸದೆ ಯಂತ್ರದ ಹತ್ತಿರ ಬಿಡುತ್ತಿರಲಿಲ್ಲ. ಪ್ರೋಗ್ರಾಂ ಬರೆಯುವವರನ್ನು ಅವರು ಹುಡುಕಿದ್ದು ಬಹುಪಾಲು ತಮ್ಮದೇ ಕಚೇರಿಗಳಲ್ಲಿ, ಕೆಲವು ದಿನಗಳ ತರಗತಿ ನಡೆಸಿ, ಪರೀಕ್ಷೆ ಕೊಟ್ಟು. ಐಸ್‌ಕ್ರೀಂ ಮಾರಾಟದ ಕಚೇರಿಯಲ್ಲಿದ್ದ ಮೇರಿ ಕೂಂಬ್ಸ್ ಹಾಗೆ 1952ರಲ್ಲಿ ಬಂದು, ವಾಣಿಜ್ಯ ಪ್ರೋಗ್ರಾಂ ಬರೆದ ಮೊದಲ ಮಹಿಳೆಯಾದರು. ಅದೇ ಕಾಲಕ್ಕೆ ಲಯನ್ಸಿನ ಗುಮಾಸ್ತಿಕೆಯಿಂದ ಬಂದ ಫ್ರಾಂಕ್ ಲ್ಯಾಂಡ್ ಮುಂದೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಪ್ರಾಧ್ಯಾಪಕರಾದರು.

ಕ್ಯಾಮಿನರ್ ತಂಡದ ಕೈಚಳಕ ನೋಡಬೇಕಾದರೆ 1954ರ ಅಕ್ಟೋಬರಿನಲ್ಲಿ ಶುರುವಾದ ಚಹಾದಂಗಡಿ ಇಂಡೆಂಟಿನ ಕೆಲಸವನ್ನು ನೋಡಬೇಕು. ಅದರ ವಿವರವನ್ನು ನಾನು ಮೂರು ಬಾರಿ ಓದಿದ್ದೇನೆ, ಪ್ರತಿ ಬಾರಿಯೂ ಹೊಟ್ಟೆಕಿಚ್ಚಾಗಿದೆ. ಪ್ರತಿಯೊಂದು ಅಂಗಡಿಯ ಮೇಲ್ವಿಚಾರಕಿ ನಾಳೆಗೆ ಏನೇನು ಎಷ್ಟೆಷ್ಟು ಬೇಕೆಂದು ದಿನವೂ ಉದ್ದದ ಪಟ್ಟಿ ಬರೆಯಬೇಕಿತ್ತು. ಆ ಪಟ್ಟಿಗಳನ್ನೆಲ್ಲ ಹಾಗೆಯೇ ಕಾರ್ಡಿಗೆ ಇಳಿಸಿ ಯಂತ್ರಕ್ಕೆ ಉಣಿಸುವುದು ಯಾರಿಗೂ ಹೊಳೆಯುವ ದಾರಿ. ಉಣಿಸುವುದರಲ್ಲೇ ರಾತ್ರಿ ಕಳೆದುಹೋಗುತ್ತಿತ್ತು. ಅವರು ಮಾಡಿದ್ದೇ ಬೇರೆ. ಸೋಮವಾರ ಸೋಮವಾರದ ಹಾಗೆಯೇ ಇರುತ್ತದೆ, ಮಂಗಳವಾರ ಮಂಗಳವಾರದ ಹಾಗೆ. ಪ್ರತಿ ಅಂಗಡಿಗೂ ವಾರದ ಒಂದೊಂದು ದಿನಕ್ಕೆ ಒಂದೊಂದು ಕಾಯಂ ಪಟ್ಟಿ ಇರಲಿ, ಮೇಲ್ವಿಚಾರಕಿ ಬದಲಾವಣೆ ಇದ್ದರೆ ಮಾತ್ರ ಹೇಳಲಿ ಎಂದರು. ಹೇಳುವುದಕ್ಕೂ ಅವಳು ಬರೆಯಬೇಕಿಲ್ಲ. ಗೊತ್ತಾದ ಹೊತ್ತಿಗೆ ಕ್ಯಾಡ್ಬಿ ಹಾಲ್‌ನಿಂದಲೇ ಫೋನು ಬರುತ್ತದೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಹುಡುಗಿ ಕೇಳುತ್ತ ಕೇಳುತ್ತಲೇ ಕಾರ್ಡಿಗೆ ತೂತು ಹೊಡೆಯುತ್ತಾಳೆ. ನಾಳೆ ಮಳೆ ಬರುವಂತಿದೆ, ಎರಡು ಡಜನ್ ಬನ್ನು ಕಡಿಮೆ. ಸರಿ, ಮುಗಿಯಿತು. ಲಿಯೊ ಕಾಯಂ ಪಟ್ಟಿಯೊಂದಿಗೆ ಈ ಬದಲಾವಣೆ ಸೇರಿಸಿ, ಬೇಕರಿಗೆ ಏನೇನು ತಯಾರಾಗಬೇಕೆಂಬ ಲೆಕ್ಕವನ್ನೂ, ಅಂಗಡಿಗಳಿಗೆ ಕಟ್ಟಿ ಕಳಿಸಬೇಕಾದ ಪಟ್ಟಿಯನ್ನೂ ಮುದ್ರಿಸಿ ಕೊಡುತ್ತಿತ್ತು.

ಆರ್ಕಿಟೆಕ್ಚರ್ ಎಂಬ ಪದವನ್ನು ನಾವು ಚಿಪ್ಪಿನೊಳಗಿನ ಓಣಿಗಳಿಗೆ ಮೀಸಲಿಟ್ಟುಬಿಟ್ಟಿದ್ದೇವೆ. ಈ ವ್ಯವಸ್ಥೆಯಲ್ಲಿ ವಾಸ್ತು ಶುರುವಾಗುವುದು ಚಹಾದಂಗಡಿಯ ಫೋನಿನಿಂದ, ಮುಗಿಯುವುದು ವ್ಯಾನಿನ ಬಾಗಿಲಲ್ಲಿ. ನಡುವಿನ 6,000 ವಾಲ್ವು ಒಂದು ಕೋಣೆ ಅಷ್ಟೆ. ಇವತ್ತಿಗೂ ದೊಡ್ಡ ದೊಡ್ಡ ಯೋಜನೆಗಳಲ್ಲಿ ಹಳೆಯ ಫಾರಂಗಳನ್ನೇ ಪರದೆಯ ಮೇಲೆ ಹಾಕಿ ಗಣಕೀಕರಣವಾಯಿತು ಎಂದು ರಿಬ್ಬನ್ ಕತ್ತರಿಸುವವರನ್ನು ಕಂಡಾಗ ನನಗೆ ಆ ಹೆಡ್‌ಫೋನಿನ ಹುಡುಗಿ ನೆನಪಾಗುತ್ತಾಳೆ.

ಬಿಡುವಾದ ಹೊತ್ತಿನಲ್ಲಿ ಲಿಯೊ ಹೊರಗಿನವರ ಕೆಲಸಕ್ಕೂ ಹೋಗುತ್ತಿತ್ತು. ಫೋರ್ಡ್ ಕಾರ್ಖಾನೆಯ ಸಂಬಳ, ಆದಾಯ ತೆರಿಗೆಯ ಕೋಷ್ಟಕಗಳು, ರೈಲ್ವೆ ನಿಲ್ದಾಣಗಳ ನಡುವಿನ ದೂರ, ಹವಾಮಾನ ಇಲಾಖೆಯ ಲೆಕ್ಕ. ಕೇಳುವವರು ಹೆಚ್ಚಾದಂತೆ 1954ರ ನವೆಂಬರಿನಲ್ಲಿ ಲಿಯೊ ಕಂಪ್ಯೂಟರ್ಸ್ ಲಿಮಿಟೆಡ್ ಎಂಬ ಕಂಪನಿ ಬೇರೆ ಆಯಿತು. 1957ರಲ್ಲಿ ಬಂದ ಲಿಯೊ 2 ಹೆಚ್ಚು ಕಡಿಮೆ ಅದೇ ಯಂತ್ರ, ಪಾದರಸದ ಕೊಳವೆಗಳನ್ನು ಗಿಡ್ಡ ಮಾಡಿ ನಾಲ್ಕು ಪಟ್ಟು ಚುರುಕು ಮಾಡಿದ್ದು.

ಲಿಯೊ 3 ಬೇರೆಯೇ ಜಾತಿ. 1960ರ ದಶಕದ ಆರಂಭದಲ್ಲಿ ಬಂದ ಇದರಲ್ಲಿ ವಾಲ್ವುಗಳ ಜಾಗಕ್ಕೆ ಟ್ರಾನ್ಸಿಸ್ಟರು, ಪಾದರಸದ ಜಾಗಕ್ಕೆ ಪುಟ್ಟ ಫೆರೈಟ್ ಬಳೆಗಳ ಮೆಮೊರಿ. ಯಂತ್ರದ ಆದೇಶಗಳನ್ನು ತಂತಿಯಲ್ಲಿ ಬಿಗಿಯದೆ ಇನ್ನೂ ಸಣ್ಣ ಆದೇಶಗಳಿಂದ ಹೆಣೆಯುವ ಮೈಕ್ರೋಪ್ರೋಗ್ರಾಂ ವಿಧಾನವನ್ನು ವಿಲ್ಕ್ಸ್ 1951ರಲ್ಲಿ ಮುಂದಿಟ್ಟಿದ್ದರು, ಅದು ಇಲ್ಲಿ ಮಾರಾಟದ ಯಂತ್ರದೊಳಗೆ ಬಂತು. ಮಾಸ್ಟರ್ ಪ್ರೋಗ್ರಾಂ ಎಂಬ ಮೇಸ್ತ್ರಿಯೊಂದು ಹಲವು ಕೆಲಸಗಳನ್ನು ಏಕಕಾಲಕ್ಕೆ ನಡೆಸುತ್ತಿತ್ತು. ಒಂದು ಪ್ರೋಗ್ರಾಂ ಟೇಪಿಗೆ ಕಾಯುತ್ತಿದ್ದರೆ ಮೇಸ್ತ್ರಿ ಇನ್ನೊಂದನ್ನು ಕೆಲಸಕ್ಕೆ ಎಬ್ಬಿಸುತ್ತಿತ್ತು. ಪ್ರೋಗ್ರಾಂ ಬರೆಯಲು ಕ್ಲಿಯೊ ಎಂಬ ಸ್ವಂತ ಭಾಷೆಯೂ ಇತ್ತು. ನನಗೆ ಇವೆಲ್ಲಕ್ಕಿಂತ ಪ್ರಿಯವಾದದ್ದು ಯಂತ್ರಕ್ಕೆ ಸಿಕ್ಕಿಸಿದ್ದ ಧ್ವನಿವರ್ಧಕ. ಒಳಗೆ ಓಡುವ ಕೆಲಸಕ್ಕೆ ತಕ್ಕಂತೆ ಅದು ಗುನುಗುತ್ತಿತ್ತು. ಪ್ರೋಗ್ರಾಂ ಎಲ್ಲೋ ಸಿಕ್ಕಿಹಾಕಿಕೊಂಡು ಅದೇ ಜಾಗದಲ್ಲಿ ಗಿರಕಿ ಹೊಡೆಯತೊಡಗಿದರೆ ಆಪರೇಟರಿಗೆ ಕಿವಿಯಿಂದಲೇ ತಿಳಿಯುತ್ತಿತ್ತು, ಪಲ್ಲವಿ ದಾಟದೆ ತಡವರಿಸುವ ಶಿಷ್ಯ ಗುರುವಿನ ಕಿವಿಗೆ ಸಿಕ್ಕಿಬೀಳುವ ಹಾಗೆ.

ಇಷ್ಟೆಲ್ಲ ಇದ್ದೂ ಲಿಯೊ ಯಾಕೆ ಉಳಿಯಲಿಲ್ಲ? ಬ್ರಿಟಿಷರು ಜಾಣರು, ಮಾರಲು ಬಾರದವರು ಎಂದು ಅವರೇ ಕೊರಗುವುದುಂಟು. ಅರ್ಧ ಸತ್ಯ. ಲಿಯೊ ಮಾರುವುದೆಂದರೆ ಗಿರಾಕಿಯ ಕಚೇರಿಯೊಳಗೆ ಹೋಗಿ, ಅವರ ಕೆಲಸವನ್ನೆಲ್ಲ ಬಿಚ್ಚಿ, ಹೊಸದಾಗಿ ಹೊಲಿದುಕೊಡುವುದು. ಸೊಗಸಾದ ದರ್ಜಿ ಅಂಗಡಿ. ಎದುರು ಬೀದಿಯಲ್ಲಿ ಸಿದ್ಧ ಉಡುಪಿನ ಮಳಿಗೆ ತೆರೆದಿತ್ತು: ಐಬಿಎಂ 1959ರಲ್ಲಿ ಘೋಷಿಸಿದ 1401 ಎಂಬ ಯಂತ್ರ ಹತ್ತು ಸಾವಿರಕ್ಕೂ ಮಿಕ್ಕಿ ಹೋಯಿತು. ಆ ಪೈಪೋಟಿಗೆ ಬೇಕಾದ ಬಂಡವಾಳ ಬೇಕರಿಯಿಂದ ಬರುವಂತಿರಲಿಲ್ಲ. 1963ರಲ್ಲಿ ಲಿಯೊ ಕಂಪ್ಯೂಟರ್ಸ್ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯೊಂದಿಗೆ ಕೂಡಿತು, ಹೆಸರು ಎರಡು ಮೂರು ಬಾರಿ ಬದಲಾಗಿ 1968ರಲ್ಲಿ ಐಸಿಎಲ್ ಎಂಬ ಬ್ರಿಟಿಷ್ ಕಂಪ್ಯೂಟರ್ ಕಂಪನಿಯೊಳಗೆ ಕರಗಿತು. ಮೊದಲ ಲಿಯೊವನ್ನು 1965ರ ಜನವರಿಯಲ್ಲಿ ಬಂದ್ ಮಾಡಿದರು. ಲಯನ್ಸ್ ಕಂಪನಿಯೇ 1978ರಲ್ಲಿ ಇನ್ನೊಬ್ಬರ ಪಾಲಾಯಿತು, ಕ್ಯಾಡ್ಬಿ ಹಾಲ್ ಕಟ್ಟಡಗಳನ್ನು ಆಮೇಲೆ ಕೆಡವಿದರು.

ಲಿಯೊ 3 ಮಾತ್ರ ಅಷ್ಟು ಬೇಗ ಹೋಗಲಿಲ್ಲ. ಬ್ರಿಟನ್ನಿನ ಅಂಚೆ ಇಲಾಖೆ ಲಿಯೊ 326 ಎಂಬ ಅದರ ಚುರುಕು ಮಾದರಿಯ ಯಂತ್ರಗಳನ್ನು ಟೆಲಿಫೋನ್ ಬಿಲ್ಲು ತಯಾರಿಸಲು ಕೊಂಡಿತ್ತು. ಬಿಡಿಭಾಗ ತಯಾರಿಸುವವರು ಇಲ್ಲದಂತಾದಾಗ, ಬೇರೆಯವರು ಬೇಡವೆಂದು ಬಿಟ್ಟ ಲಿಯೊಗಳನ್ನು ಕೊಂಡು ತಂದು, ಬಿಚ್ಚಿ, ಸಿಕ್ಕಿದ್ದನ್ನು ತಮ್ಮದಕ್ಕೆ ಜೋಡಿಸುತ್ತ 1981ರವರೆಗೆ ಓಡಿಸಿದರು. ಅಷ್ಟು ವರ್ಷ ಮನೆಮನೆಗೆ ಹೋದ ಆ ಬಿಲ್ಲುಗಳ ಮೇಲೆ ಚಹಾದಂಗಡಿಯ ಹೆಸರು ಎಲ್ಲೂ ಇರಲಿಲ್ಲ.